ಅವರೆಯ ವಂಶಾವಳಿ

ಹಸ್ತಪ್ರತಿಗಳೊಡನೆ ಬಾಳು ಸವೆಸಿದವನಿಗೆ ಅವರೆಕಾಳಿನ ವಿಚಾರದಲ್ಲಿ ಏನು ಅಧಿಕಾರವೆಂದು ತಾವು ಕೇಳಬಹುದು. ಅಧಿಕಾರವಿಲ್ಲ, ನೆಂಟಸ್ತಿಕೆಯುಂಟು. ಒಂದು ಕಾವ್ಯದ ಹತ್ತಾರು ಓಲೆಪ್ರತಿಗಳು ದೊರೆತಾಗ ಅವುಗಳ ಪರಸ್ಪರ ಸಂಬಂಧವನ್ನು ನಾವು ಗುರುತಿಸುವುದು ಶುದ್ಧಪಾಠಗಳಿಂದಲ್ಲ, ಸಮಾನವಾದ ಸ್ಖಾಲಿತ್ಯಗಳಿಂದ. ಒಂದೇ ಬಗೆಯ ಅಪಪಾಠಗಳು ಎರಡು ಪ್ರತಿಗಳಲ್ಲಿ ಮತ್ತೆ ಮತ್ತೆ ಕಂಡುಬಂದರೆ, ಅವೆರಡಕ್ಕೂ ಒಂದೇ ಮಾತೃಕೆ ಇದ್ದಿರಬೇಕೆಂದು ಊಹಿಸುತ್ತೇವೆ.

ಸಸ್ಯವಿಜ್ಞಾನಿಗಳು ಮಾಡುತ್ತಿರುವುದೂ ಇದನ್ನೇ. ಬೀಜದೊಳಗಿನ ಡಿಎನ್‌ಎ ಎಂಬುದು ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳ ಬರಹ. ತಲೆಮಾರಿನಿಂದ ತಲೆಮಾರಿಗೆ ಅದು ಪ್ರತಿಯಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಪಲ್ಲಟಗೊಳ್ಳುತ್ತದೆ. ಆ ಪಲ್ಲಟಗಳನ್ನು ಸಾಲುಸಾಲಾಗಿ ಓದಿ ಹೋಲಿಸಿದರೆ ನಾಡತಳಿಗಳ ದಾಯಾದಿತನ ತಿಳಿಯುತ್ತದೆ. ಕಾಳಿನ ಬಣ್ಣವನ್ನಾಗಲಿ ಊರವರು ಇಟ್ಟ ಹೆಸರನ್ನಾಗಲಿ ನೆಚ್ಚಿ ಇದನ್ನು ನಿರ್ಣಯಿಸಲಾಗದು.

ಅವರೆಯ 11 ವರ್ಣತಂತುಗಳ ಪಾಠ 2023ರಲ್ಲಿ ಪ್ರಕಟವಾಯಿತು. ಆ ಕಾರ್ಯದಲ್ಲಿ ಆಫ್ರಿಕದ ವಿಜ್ಞಾನಿಗಳೇ ಮುಂದಾಳುಗಳು. ಮನುಷ್ಯ ಈ ಬೆಳೆಯನ್ನು ಎರಡು ಬಾರಿ, ಪ್ರತ್ಯೇಕವಾಗಿ, ಪಳಗಿಸಿದನೆಂಬುದನ್ನು ಆ ಅಧ್ಯಯನ ದೃಢಪಡಿಸಿತು. ಕಾಯಿಗೆ ಎರಡು ಬೀಜವಿರುವ ಕುಲ ಇಥಿಯೋಪಿಯದಲ್ಲೇ ಉಳಿಯಿತು. ನಾಲ್ಕು ಬೀಜದ ಕುಲ ಕಡಲು ದಾಟಿತು. ನಮ್ಮ ಅವರೆ ಈ ಎರಡನೆಯ ಕುಲದ್ದು. ಬಳ್ಳಾರಿಯ ಬಳಿಯ ಸಂಗನಕಲ್ಲಿನ ನವಶಿಲಾಯುಗದ ಜನ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲೇ ಅದನ್ನು ಬಲ್ಲವರಾಗಿದ್ದರು. ಅಚ್ಚಗನ್ನಡದ್ದೆಂದು ನಾವು ಬೀಗುವ ಕಾಳು ಹೀಗೆ ಆಫ್ರಿಕದ ಕಾಡುಬಳ್ಳಿಯ ಸಂತಾನ. ಇದರಿಂದ ಅವರೆಯ ಕನ್ನಡತನ ಕುಗ್ಗದು. ಸಂಸ್ಕೃತ, ಪ್ರಾಕೃತಗಳ ಮಾತು ಬೆರೆತದ್ದರಿಂದ ನಮ್ಮ ನುಡಿ ಪರಕೀಯವಾಯಿತೇ?

ಆದರೆ ಒಂದು ಆತಂಕವಿದೆ. ಹಗಲು ಕುಗ್ಗುವುದನ್ನು ಕಾದು, ಚಳಿಗಾಲಕ್ಕೆ ಹೂಬಿಡುವ ಸೊಗಡಿನ ಅವರೆ ನಮ್ಮದು. ಹಾಗೆ ಕಾಯದೆ ಎಲ್ಲ ಕಾಲದಲ್ಲೂ ಫಲ ಕೊಡುವ ಹೆಬ್ಬಾಳ ಅವರೆಯ ತಳಿಗಳು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬಂದವು. ರೈತನಿಗೆ ಅದು ಉಪಕಾರವೇ. ಆದರೆ ಹೊಸತನ್ನು ರೂಪಿಸಲು ಬೇಕಾದ ಗುಣಗಳು ಅಡಗಿರುವುದು ಹಳೆಯ ತಳಿಗಳಲ್ಲಿ. ಬಿತ್ತುವವರಿಲ್ಲದೆ ಅವು ಹೊಲ ಬಿಟ್ಟು ಹೋದರೆ, ಪಾಠ ಗುರುತು ಹಾಕಿಕೊಳ್ಳುವ ಮೊದಲೇ ಗೆದ್ದಲು ತಿಂದ ಓಲೆಗರಿಯ ಗತಿಯೇ ಅವಕ್ಕೂ ಒದಗುತ್ತದೆ.

ಕೇಳುಗರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಹಿರಿಯರು ಕಾದಿರಿಸಿದ ಬಿತ್ತನೆಯ ಅವರೆ ಇದ್ದರೆ, ಅದನ್ನು ಈ ವರ್ಷವೇ ಬಿತ್ತಿ. ಬೀಜದ ಜೀವ ಬಹುಕಾಲ ನಿಲ್ಲದು. ಬೆಳೆದ ಕಾಳಿನಲ್ಲಿ ಒಂದು ಹಿಡಿಯನ್ನು ಬೀಜ ಸಂಗ್ರಹಿಸುವ ವಿದ್ವಾಂಸರಿಗೆ ಕೊಡಿ. ಕೊಡುವಾಗ ಊರಿನ ಹೆಸರು, ಬಿತ್ತುವ ಮಳೆ, ಮಾಡುವ ಅಡುಗೆ, ಇವನ್ನೂ ಬರೆದುಕೊಡಿ. ಆ ನಾಲ್ಕು ಅಕ್ಷರಗಳಲ್ಲಿ ಇವು ಯಾವುವೂ ಬರೆದಿರುವುದಿಲ್ಲ.