ಅರಿವಿನ ಕನಸಿನ ಅವಧಿ

ಗತಿಸಿದ ನಮ್ಮ ತಾಯಿಯವರು ಒಂದು ಬೆಳಗಿನ ಜಾವ ಕನಸಿನಲ್ಲಿ ಬಂದು ಕುಳಿತರು. ಇದು ಕನಸೆಂಬ ಅರಿವು ನನಗಿತ್ತು. “ಇನ್ನಷ್ಟು ಹೊತ್ತು ಕೂತಿರಮ್ಮಾ” ಎನ್ನುವಷ್ಟರಲ್ಲಿ ಎಚ್ಚರವಾಯಿತು. ಕೇಳುಗರಲ್ಲಿ ಕೆಲವರಿಗಾದರೂ ಈ ಅನುಭವವಾಗಿರಬಹುದು. ಕನಸೆಂದು ತಿಳಿದೇ ಕಾಣುವ ಇಂಥ ಕನಸು ಎಷ್ಟು ಹೊತ್ತು ನಿಂತೀತು?

ಯೋಗವಾಸಿಷ್ಠದ ಲವಣರಾಜನು ಐಂದ್ರಜಾಲಿಕನ ಮಾಯೆಗೊಳಗಾಗಿ ಸ್ವಲ್ಪ ಹೊತ್ತಿನಲ್ಲೇ ಅನೇಕ ವರ್ಷಗಳ ಬಾಳನ್ನು ಬಾಳಿದನಂತೆ. ಪ್ರಯೋಗಶಾಲೆ ಹೇಳುವುದು ಬೇರೆ. ಕನಸಿನ ನಿದ್ರೆಯಲ್ಲಿ ಕೈಕಾಲು ಸ್ತಬ್ಧವಾದರೂ ಕಣ್ಣುಗುಡ್ಡೆಗಳು ಚಲಿಸುತ್ತವೆ. 1980ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಲಾಬರ್ಜರು ಇದನ್ನೇ ಬಳಸಿಕೊಂಡರು. ಅರಿವಿನ ಕನಸು ಕಾಣುತ್ತಿದ್ದವರು ಕಣ್ಣಿನ ಸನ್ನೆ ಮಾಡಿ, ಕನಸಿನೊಳಗೇ ಹತ್ತರವರೆಗೆ ಎಣಿಸಿ, ಮತ್ತೆ ಸನ್ನೆ ಮಾಡಿದರು. ಹಿಡಿದ ಕಾಲ ಎಚ್ಚರದಲ್ಲಿ ಎಣಿಸಿದಷ್ಟೇ ಇತ್ತು.

ಎಣಿಕೆಯ ಮಟ್ಟಿಗಾದರೂ ಕನಸಿಗೆ ಬೇರೆ ಗಡಿಯಾರವಿಲ್ಲವೆಂದಾಯಿತು. ಕನಸಿನ ನಿದ್ರೆ ಇರುಳ ಮೊದಲಲ್ಲಿ ಕೆಲವೇ ನಿಮಿಷ. ಬೆಳಗಾಗುತ್ತ ಅರ್ಧ ಗಂಟೆಯನ್ನೂ ಮುಟ್ಟಬಹುದು. ಅರಿವಿನ ಕನಸು ಸಾಮಾನ್ಯವಾಗಿ ಅದರೊಳಗಿನ ಕೆಲವು ನಿಮಿಷಗಳ ತುಣುಕು. ಕನಸೆಂದು ತಿಳಿದ ಉದ್ವೇಗವೇ ಹಲವು ಸಲ ನಮ್ಮನ್ನು ಎಬ್ಬಿಸಿಬಿಡುತ್ತದೆ.

ನಮ್ಮ ತಾಯಿ ಕುಳಿತದ್ದು ಒಂದು ನಿಮಿಷವಿದ್ದೀತು. ಆ ನಿಮಿಷ ಪೂರ್ತಿ ನಿಮಿಷವೇ ಆಗಿತ್ತೆಂಬುದು ನನಗೆ ಸಮಾಧಾನ.