ಬೆಳೆಗೆ ತಕ್ಕಷ್ಟು ನೀರು

ನೀರಿನ ಮಿತವ್ಯಯವೆಂದೊಡನೆ ಪಟ್ಟಣವಾಸಿಗಳಾದ ನಾವು ಮನೆಯ ನಲ್ಲಿಯನ್ನು ನೆನೆಯುವುದು ಸಹಜ. ಆದರೆ ನಾಡಿನ ನೀರಿನಲ್ಲಿ ಬಹುಭಾಗವು ವೆಚ್ಚವಾಗುವುದು ನಲ್ಲಿಯಲ್ಲಲ್ಲ, ಹೊಲಗದ್ದೆಗಳಲ್ಲಿ. ಒಂದು ಎಕರೆಯ ಮೇಲೆ ಒಂದಂಗುಲ ನೀರು ನಿಲ್ಲಬೇಕಾದರೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಬೇಕು. ದಿನಕ್ಕೆ ನೂರು ಲೀಟರಿನಂತೆ ಬಳಸುವ ಒಬ್ಬನಿಗೆ ಅದು ಸುಮಾರು ಎರಡೂಮುಕ್ಕಾಲು ವರ್ಷ ಸಾಲುವುದು. ಆದುದರಿಂದ ಗದ್ದೆಯಲ್ಲಿ ಉಳಿಸಿದ ಒಂದಂಗುಲವೂ ಅಲ್ಪವಲ್ಲ.

ಮಂಡ್ಯದ ಸೀಮೆಯನ್ನೇ ನೋಡೋಣ. ೧೯೧೧ರಲ್ಲಿ ಕಟ್ಟಲಾರಂಭಿಸಿದ ಕೃಷ್ಣರಾಜಸಾಗರವು ಸುಮಾರು ೪೯ ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲುದು. ಮೊದಲು ಇರ್ವಿನ್ ನಾಲೆಯೆಂದೂ ಈಗ ವಿಶ್ವೇಶ್ವರಯ್ಯ ನಾಲೆಯೆಂದೂ ಕರೆಯಲ್ಪಡುವ ಕಾಲುವೆಯು ಬೆದ್ದಲು ನೆಲವನ್ನು ಅನ್ನದ ಸೀಮೆಯನ್ನಾಗಿ ಮಾಡಿತು. ಆದರೆ ಕಾವೇರಿಯು ಕೊಡಗಿನ ಮಳೆಯನ್ನು ನಂಬಿದವಳು. ೨೦೨೩ರಲ್ಲಿ ಮುಂಗಾರು ಕೈಕೊಟ್ಟಾಗ ಜಲಾಶಯ ತುಂಬಲಿಲ್ಲ. ಇಂತಹ ಕಾಲದಲ್ಲಿ ತೂಬಿನ ಬಳಿಯವನ ಗದ್ದೆ ಹಸಿರಾಗಿರುವುದು. ನಾಲೆಯ ಕೊನೆಯವನ ಪೈರು ಮೊದಲು ಬಾಡುವುದು.

ಈ ಅನ್ಯಾಯವನ್ನು ನಮ್ಮ ಹಿರಿಯರು ಅರಿಯದವರಲ್ಲ. ಕೆರೆಯ ಅಚ್ಚುಕಟ್ಟಿನಲ್ಲಿ ನೀರುಗಂಟಿಯೆಂಬವನು ತೂಬನ್ನು ತೆರೆದು ಮುಚ್ಚಿ, ಸರದಿಯಂತೆ ಎಲ್ಲರ ಹೊಲಕ್ಕೂ ನೀರು ಹಂಚುತ್ತಿದ್ದನು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ನೀರಾ ನಾಲೆಯಲ್ಲಿ ಬ್ಲಾಕ್ ಪದ್ಧತಿಯನ್ನು ಜಾರಿಗೆ ತಂದರು. ನೆಲವನ್ನು ಭಾಗಗಳಾಗಿ ವಿಂಗಡಿಸಿ, ಹೆಚ್ಚು ನೀರು ಬೇಡುವ ಬೆಳೆಯನ್ನೂ ಕಡಮೆ ನೀರಿನ ಬೆಳೆಯನ್ನೂ ಸರದಿಯ ಮೇಲೆ ಬೆಳೆಯುವುದು ಇದರ ಕ್ರಮ. ಮುಂದೆ ಇರ್ವಿನ್ ನಾಲೆಗೂ ಇದೇ ಪದ್ಧತಿ ಬಂದಿತು. ಒಬ್ಬನ ಕಬ್ಬಿಗಾಗಿ ಹತ್ತು ಜನರ ಧಾನ್ಯ ಒಣಗಬಾರದೆಂಬುದೇ ಇದರ ತಿರುಳು.

ಭತ್ತವು ನೀರಿನಲ್ಲಿ ಬದುಕಬಲ್ಲ ಸಸ್ಯವೇ ಹೊರತು ಸದಾ ನೀರಿನಲ್ಲಿಯೇ ನಿಂತಿರಬೇಕಾದ ಸಸ್ಯವಲ್ಲ. ಫಿಲಿಪ್ಪೀನ್ಸಿನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯು ಪ್ರಚಾರಕ್ಕೆ ತಂದಿರುವ ಒಂದು ಉಪಾಯ ಬಹು ಸುಲಭವಾದುದು. ತೂತುಗಳುಳ್ಳ ಕೊಳವೆಯೊಂದನ್ನು ಗದ್ದೆಯಲ್ಲಿ ಹೂಳಿಡುವುದು. ಅದರೊಳಗಣ ನೀರು ನೆಲಮಟ್ಟಕ್ಕಿಂತ ೧೫ ಸೆಂಟಿಮೀಟರ್ ಕೆಳಗಿಳಿದ ಬಳಿಕ ಮತ್ತೆ ನೀರು ಹಾಯಿಸುವುದು. ನಾಟಿ ಬೇರೂರುವ ಕಾಲದಲ್ಲಿಯೂ ಹೂಬಿಡುವ ಕಾಲದಲ್ಲಿಯೂ ಮಾತ್ರ ನೀರನ್ನು ನಿಲ್ಲಿಸತಕ್ಕದ್ದು. ಹೀಗೆ ಮಾಡಿದಲ್ಲಿ ಇಳುವರಿ ಕುಂದದೆ ನೂರಕ್ಕೆ ಮೂವತ್ತರವರೆಗೂ ನೀರು ಉಳಿಯಬಹುದು. ಕಳೆ ಹೆಚ್ಚುವುದು ನಿಜ. ಆ ಕೂಲಿಯ ಭಾರ ರೈತನದೇ.

ಹಾಗಾದರೆ ಆತನು ಗದ್ದೆಯನ್ನು ತುಂಬಿಸುವುದೇಕೆ? ಅಜ್ಞಾನದಿಂದಲ್ಲ; ಮುಂದಿನ ಸರದಿ ಬರುವುದೋ ಇಲ್ಲವೋ ಎಂಬ ಭಯದಿಂದ. ಅಲ್ಲದೆ ನೀರಿನ ಕಂದಾಯವು ಎಕರೆಗೂ ಬೆಳೆಗೂ ತಕ್ಕಂತೆ ಗೊತ್ತಾಗುವುದರಿಂದ, ನೀರುಳಿಸಿದವನಿಗೆ ಕಾಸಿನ ಲಾಭವೂ ಇಲ್ಲ. ಗೊತ್ತಾದ ದಿನ ನೀರು ಬಂದೇ ಬರುವುದೆಂಬ ನಂಬಿಕೆಯುಳ್ಳವನು ಇಂದು ತನ್ನ ಗದ್ದೆಯನ್ನು ಕೆರೆಯನ್ನಾಗಿ ಮಾಡಲಾರನು. ಮಿತವ್ಯಯದ ಉಪದೇಶಕ್ಕಿಂತ ಮೊದಲು ನಾವು ಆತನಿಗೆ ಕೊಡಬೇಕಾದುದು ತಪ್ಪದ ಸರದಿ, ಹೂಳಿಲ್ಲದ ಕಾಲುವೆ.

ಇದರಲ್ಲಿ ಪಟ್ಟಣದವರಿಗೂ ಪಾಲುಂಟು. ಬೆಂಗಳೂರು ಮೈಸೂರುಗಳ ಬಾಯಾರಿಕೆ ತಣಿಸುವುದು ಇದೇ ಕಾವೇರಿ. ಭತ್ತಕ್ಕಿಂತ ಎಷ್ಟೋ ಕಡಮೆ ನೀರಿನಲ್ಲಿ ಬೆಳೆಯುವ ರಾಗಿಯನ್ನು ನಾವು ನಮ್ಮ ಊಟದಲ್ಲಿ ಮನ್ನಿಸಿದರೆ, ರೈತನೂ ಅದನ್ನು ಬಿತ್ತಲು ಮನಸ್ಸು ಮಾಡುವನು. ನಾಲೆಯ ಕೊನೆಯ ಗದ್ದೆಗೆ ನೀರು ತಲಪಿದ ದಿನವೇ ನಾಡಿನ ಅನ್ನ ಭದ್ರವಾಯಿತೆಂದು ನಾವು ತಿಳಿಯಬಹುದು.