ಗೋಲಿಯಾಟದ ಅಲಿ
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



2021ರ ಸೆಪ್ಟೆಂಬರಿನಲ್ಲಿ ಬಂದ ‘ಸ್ಕ್ವಿಡ್ ಗೇಮ್’ ಎಂಬ ಕೊರಿಯಾದ ಧಾರಾವಾಹಿಯ ಹೆಸರನ್ನು ಠಾಣೆ, ಡೊಂಬಿವಲಿಯ ನಮ್ಮ ಮಕ್ಕಳೂ ಬಲ್ಲರು. ಸಾಲದಲ್ಲಿ ಮುಳುಗಿದ 456 ಮಂದಿ ಅದರಲ್ಲಿ ಮಕ್ಕಳಾಟಗಳನ್ನು ಆಡುತ್ತಾರೆ. ಸೋತವನಿಗೆ ಸಾವು, ಗೆದ್ದವನಿಗೆ 4,560 ಕೋಟಿ ವನ್.

ಅಭಿಮಾನಿಗಳು ಅದರ ಮುಸುಕಿನ ಕಾವಲುಗಾರರನ್ನೂ ದೊಡ್ಡ ಬೊಂಬೆಯನ್ನೂ ರಾಶಿರಾಶಿಯಾಗಿ ಚಿತ್ರಿಸಿದರು. ಅದೇ ಅಕ್ಟೋಬರ್ 20ರಂದು ಸಿಯೋಲ್ ನಗರದ ಕಾರ್ಮಿಕರು ಆ ವೇಷದಲ್ಲೇ ಮೆರವಣಿಗೆ ಹೊರಟರು. ಕಥೆ ತಮ್ಮದೇ ಎಂದು ಅವರಿಗೆ ತೋರಿರಬೇಕು.

ಆದರೆ ನೋಡಿದವರು ಹೆಚ್ಚು ಮರುಗಿದ್ದು ಅಲಿಗಾಗಿ. ಅವನು ಪಾಕಿಸ್ತಾನದಿಂದ ದುಡಿಯಲು ಹೋದವನು; ಯಜಮಾನ ತಿಂಗಳುಗಟ್ಟಲೆ ಸಂಬಳ ಕೊಡದವನು. ಪಾತ್ರ ವಹಿಸಿದಾತ ನಮ್ಮ ದೆಹಲಿಯ ಅನುಪಮ್ ತ್ರಿಪಾಠಿ. ಗೋಲಿಯಾಟದಲ್ಲಿ, ತಾನು ಅಣ್ಣನೆಂದು ಕರೆದವನೇ ಚೀಲದಲ್ಲಿ ಕಲ್ಲು ತುಂಬಿ ಅವನನ್ನು ವಂಚಿಸುತ್ತಾನೆ. ವಂಚಿಸಿದಾತ ದೊಡ್ಡ ವಿಶ್ವವಿದ್ಯಾಲಯದಲ್ಲಿ ವಾಣಿಜ್ಯ ಓದಿದವನು! ಬಿ.ಕಾಂ. ಮಾಡಿದ ನನಗೆ ಆ ಮಾತು ಚುಚ್ಚಿತು.

ಬ್ಯಾಂಕಿನ ಮೇಜಿನ ಮುಂದೆ ನಾನು ಸಾಲಕ್ಕೆ ಜಾಮೀನು ನಿಲ್ಲುವವರನ್ನು ದಿನವೂ ಕಾಣುತ್ತೇನೆ. ಕಾಗದವನ್ನು ಓದುವುದಿಲ್ಲ, ‘ನಮ್ಮೂರಿನ ಅಣ್ಣ ಹೇಳಿದ್ದಾನೆ’ ಎಂದು ರುಜು ಹಾಕುತ್ತಾರೆ. ಅಣ್ಣ ಕೈಕೊಟ್ಟರೆ ಕಂತು ಕಟ್ಟಬೇಕಾದವರು ಅವರೇ.

ಆದ್ದರಿಂದ ಹಿರಿಯರಲ್ಲಿ ನನ್ನ ಅರಿಕೆ ಇಷ್ಟೆ. ಆ ಧಾರಾವಾಹಿ ಎಳೆಯರು ನೋಡತಕ್ಕದ್ದಲ್ಲ, ನಿಜ. ಆದರೆ ದೊಡ್ಡ ಹುಡುಗನೊಬ್ಬ ಅಲಿಯ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದರೆ ಹರಿದೆಸೆಯಬೇಡಿ. ‘ಇವನಾರಪ್ಪಾ?’ ಎಂದು ಕೇಳಿರಿ. ಮೋಸದ ಮಾತು, ಸಾಲದ ಮಾತು ಅಲ್ಲಿಂದಲೇ ಆರಂಭವಾಗಲಿ. ಊರಿನಿಂದ ಹೊಸದಾಗಿ ಬಂದವನು ಈ ಸಂಘದಲ್ಲಿ ನಮ್ಮನ್ನು ‘ಅಣ್ಣಾ’ ಎಂದು ಕರೆದರೆ, ಆ ಕರೆಗೆ ನಾವು ತಕ್ಕವರಾಗಿರೋಣ.